ಅದಲುಬದಲಿನ ಜರಡಿ



ಇವತ್ತಿನ ಮಾತು ಬೀಜಗಣಿತದ್ದು. ಕೈಗೆಟುಕುವಂತೆ ಒಂದು ಕಾಗದ, ಪೆನ್ಸಿಲ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಚಿಂತೆಯಿಲ್ಲ. ಲೆಕ್ಕಗಳು ಸಣ್ಣವು, ನಿಧಾನವಾಗಿ ಹೇಳುತ್ತೇನೆ.

ಒಂದು ಪ್ರಶ್ನೆಯಿಂದ ಹೊರಡೋಣ. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಅದೇ ಸಂಖ್ಯೆ ಮರಳಿ ಬರುತ್ತದೆ? ಒಂದೊಂದ್ಲ ಒಂದು. ಸರಿ. ಸೊನ್ನೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಅದೂ ಸರಿ. ಎರಡೆರಡ್ಲ ನಾಲ್ಕು, ಎರಡು ಕೈತಪ್ಪಿತು. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು. ನಾವು ಶಾಲೆಯಲ್ಲಿ ಕಲಿತ ಸಂಖ್ಯೆಗಳಲ್ಲಿ ಈ ಗುಣ ಇರುವುದು ಸೊನ್ನೆಗೆ ಮತ್ತು ಒಂದಕ್ಕೆ ಮಾತ್ರ.

ಸಂಖ್ಯೆಗಳನ್ನು ಬಿಟ್ಟು ಕೆಲಸಗಳ ಕಡೆಗೆ ಬನ್ನಿ. ಹಿಟ್ಟನ್ನು ಜರಡಿ ಹಿಡಿಯುತ್ತೀರಿ. ತರಿ ಮೇಲೆ ಉಳಿಯುತ್ತದೆ, ನುಣ್ಣನೆಯದು ಕೆಳಗೆ ಬೀಳುತ್ತದೆ. ಕೆಳಗೆ ಬಿದ್ದ ಹಿಟ್ಟನ್ನು ಅದೇ ಜರಡಿಗೆ ಮತ್ತೆ ಹಾಕಿದರೆ ಏನೂ ಬದಲಾಗುವುದಿಲ್ಲ. ಮೊದಲ ಸಲಕ್ಕೇ ಕೆಲಸ ಮುಗಿದಿದೆ. ಹೀಗೆ ಎರಡನೇ ಸಲ ಮಾಡಿದರೂ ಮೊದಲ ಸಲದ ಫಲವೇ ನಿಲ್ಲುವ ಕ್ರಿಯೆಯನ್ನು ಗಣಿತದಲ್ಲಿ ಐಡೆಂಪೊಟೆಂಟ್ ಎನ್ನುತ್ತಾರೆ. ಹೆಸರು ಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಬೆಂಜಮಿನ್ ಪರ್ಸ್. 1870ರಲ್ಲಿ ತಮ್ಮ ಪುಸ್ತಕವನ್ನು ಕಲ್ಲಚ್ಚಿನಲ್ಲಿ ಸುಮಾರು 100 ಪ್ರತಿ ಮಾತ್ರ ತೆಗೆಸಿ ಗೆಳೆಯರಿಗೆ ಹಂಚಿದ್ದರು. ನಾನು ಇವತ್ತು ಇದನ್ನು ಜರಡಿ ಎಂದೇ ಕರೆಯುತ್ತೇನೆ.

ಈ ಜರಡಿಗಳು ಸಮೃದ್ಧವಾಗಿ ಸಿಗುವ ಒಂದು ಜಾಗವಿದೆ. ಅಲ್ಲಿಗೆ ಹೋಗಲು ನಮಗೆ ಒಂದು ಬೆಂಚು ಬೇಕು.

ಬೆಂಚಿನಲ್ಲಿ ಮೂರು ಆಸನ. ಎಡದಿಂದ ಒಂದು, ಎರಡು, ಮೂರು. ಒಂದರಲ್ಲಿ ಗಿರಿಜಾ, ಎರಡರಲ್ಲಿ ಶಾರದಾ, ಮೂರರಲ್ಲಿ ಕಮಲಾ ಕೂತಿದ್ದಾರೆ. ಈಗ ಒಂದು ಮತ್ತು ಎರಡನೇ ಆಸನದವರು ಅದಲುಬದಲಾಗಲಿ. ಶಾರದಾ, ಗಿರಿಜಾ, ಕಮಲಾ. ಆಮೇಲೆ ಎರಡು ಮತ್ತು ಮೂರನೇ ಆಸನದವರು ಬದಲಾಗಲಿ. ಶಾರದಾ, ಕಮಲಾ, ಗಿರಿಜಾ. ಸರಿ, ಎಲ್ಲರೂ ಮೊದಲಿನ ಜಾಗಕ್ಕೆ ವಾಪಸ್. ಈಗ ಕ್ರಮ ತಿರುಗಿಸೋಣ. ಮೊದಲು ಎರಡು ಮತ್ತು ಮೂರು: ಗಿರಿಜಾ, ಕಮಲಾ, ಶಾರದಾ. ಆಮೇಲೆ ಒಂದು ಮತ್ತು ಎರಡು: ಕಮಲಾ, ಗಿರಿಜಾ, ಶಾರದಾ. ಆಗ ಎಡತುದಿಯಲ್ಲಿ ಶಾರದಾ ಇದ್ದರು, ಈಗ ಕಮಲಾ ಇದ್ದಾರೆ. ಕೆಲಸಗಳು ಅವೇ ಎರಡು. ಯಾವುದು ಮೊದಲು ಎಂಬುದಷ್ಟೇ ಬದಲಾಯಿತು.

ಮೂವರನ್ನು ಕೂರಿಸುವ ಬಗೆಗಳು ಒಟ್ಟು ಆರು. ಹಾಗಾಗಿ ಚಲನೆಗಳೂ ಆರು. ಒಂದು, ಸುಮ್ಮನಿರುವುದು. ಮೂರು, ಇಬ್ಬಿಬ್ಬರ ಅದಲುಬದಲು. ಇನ್ನೆರಡು, ಮೂವರೂ ಒಂದೊಂದು ಆಸನ ಸುತ್ತುವರಿದು ಸರಿಯುವುದು, ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ. ಒಂದಾದ ಮೇಲೆ ಒಂದು ಮಾಡಿದರೂ ಈ ಆರರೊಳಗೇ ಇರುತ್ತೇವೆ, ಮಾಡಿದ್ದನ್ನು ಹಿಂದಕ್ಕೂ ಪಡೆಯಬಹುದು. ಇಂಥ ಚಲನೆಗಳ ಕೂಟಕ್ಕೆ ಗ್ರೂಪ್ ಎನ್ನುತ್ತಾರೆ. ಕ್ರಮ ಮುಖ್ಯವಾಗಿರುವ ಗ್ರೂಪ್‌ಗಳಲ್ಲಿ ಇದೇ ಅತಿ ಚಿಕ್ಕದು. 1854ರಲ್ಲಿ ಇಂಗ್ಲೆಂಡಿನ ಆರ್ಥರ್ ಕೇಲಿ ಇನ್ನೊಂದು ಹೆಜ್ಜೆ ಇಟ್ಟರು. ಚಲನೆಗಳನ್ನು ಸಂಖ್ಯೆಗಳ ಹಾಗೆ ಕೂಡಿಸಿದರೇನು? ಅರ್ಧ ಪಾಲು ಸುಮ್ಮನಿರುವುದು, ಅರ್ಧ ಪಾಲು ಅದಲುಬದಲು, ಹೀಗೆ ಬೆರಕೆ ಮಾಡಿದರೇನು? ಇಂಥ ಬೆರಕೆಗಳನ್ನು ಕೂಡಿಸಬಹುದು, ಕಳೆಯಬಹುದು, ಗುಣಿಸಬಹುದು. ಗುಣಿಸುವುದೆಂದರೆ ಒಂದಾದ ಮೇಲೆ ಇನ್ನೊಂದನ್ನು ಮಾಡುವುದು. ಈ ಬೆರಕೆಗಳ ಲೋಕವೇ ಗ್ರೂಪ್ ಬೀಜಗಣಿತ.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಎರಡನೇ ಸಲಕ್ಕೆ ಬದಲಾಗದ ಕ್ರಿಯೆ ಜರಡಿ. ಬೆಂಚಿನ ಮೇಲೆ ಆರು ಚಲನೆ. ಆ ಚಲನೆಗಳ ಬೆರಕೆಯೇ ಗ್ರೂಪ್ ಬೀಜಗಣಿತ. ಇನ್ನು ಅದರಲ್ಲಿ ಜರಡಿಗಳನ್ನು ಹುಡುಕೋಣ.

ಮೂವರ ಬದಲು ಆಸನಗಳ ಮೇಲೆ ಹಣ ಇಡೋಣ. ಮೊದಲನೆಯದರಲ್ಲಿ 10 ರೂಪಾಯಿ, ಎರಡನೆಯದರಲ್ಲಿ 20, ಮೂರನೆಯದರಲ್ಲಿ 60. ಮೊದಲ ಜರಡಿ ಹೀಗೆ: ಆರೂ ಚಲನೆಗಳನ್ನು ಸಮಪಾಲಿನಲ್ಲಿ, ಪ್ರತಿಯೊಂದನ್ನೂ ಆರನೇ ಒಂದರಂತೆ, ಬೆರೆಸಿ. ಪ್ರತಿ ಆಸನಕ್ಕೂ ಪ್ರತಿ ಮೊತ್ತ ಎರಡೆರಡು ಸಲ ಬರುತ್ತದೆ. ಸಿಗುವುದು ಸರಾಸರಿ. 30, 30, 30. ಮತ್ತೆ ಜರಡಿ ಹಿಡಿಯಿರಿ. 30, 30, 30. ಏನೂ ಬದಲಾಗಲಿಲ್ಲ. ಇದು ನಿಜವಾದ ಜರಡಿ.

ಎರಡನೆಯದು ಸ್ವಲ್ಪ ಬೇರೆ. ಸುಮ್ಮನಿರುವುದಕ್ಕೂ ಸರಿಯುವ ಎರಡಕ್ಕೂ ಕೂಡು ಚಿಹ್ನೆ. ಮೂರು ಅದಲುಬದಲಿಗೆ ಕಳೆ ಚಿಹ್ನೆ. ಮತ್ತೆ ಆರರಿಂದ ಭಾಗ. ನಮ್ಮ ಹಣಕ್ಕೆ ಇದನ್ನು ಹಾಕಿದರೆ ಕೂಡಿದ್ದೂ ಕಳೆದದ್ದೂ ಸಮವಾಗಿ ಎಲ್ಲ ಆಸನದಲ್ಲೂ ಸೊನ್ನೆ ಬರುತ್ತದೆ. ಹಾಗೆಂದು ಇದು ಕೆಲಸಕ್ಕೆ ಬಾರದ್ದಲ್ಲ, ಇದರ ಬಲೆಗೆ ಬೀಳುವುದು ಬೇರೆ ಥರದ ವಸ್ತು. ಮೂರು ವ್ಯತ್ಯಾಸಗಳನ್ನು ಗುಣಿಸಿ: ಮೊದಲನೆಯದರಿಂದ ಎರಡನೆಯದನ್ನು ಕಳೆದದ್ದು, ಎರಡನೆಯದರಿಂದ ಮೂರನೆಯದನ್ನು ಕಳೆದದ್ದು, ಮೂರನೆಯದರಿಂದ ಮೊದಲನೆಯದನ್ನು ಕಳೆದದ್ದು. ನಮ್ಮ ಹಣಕ್ಕೆ ಉತ್ತರ 20,000. ಯಾವ ಇಬ್ಬರನ್ನು ಅದಲುಬದಲು ಮಾಡಿದರೂ ಅದು ಮೈನಸ್ 20,000 ಆಗುತ್ತದೆ. ಹೀಗೆ ಪ್ರತಿ ಅದಲುಬದಲಿಗೂ ಚಿಹ್ನೆ ತಿರುಗುವ ವಸ್ತುವನ್ನು ಎರಡನೇ ಜರಡಿ ಹಾಗೇ ಹಿಡಿದಿಡುತ್ತದೆ. ಯಾರಾದರೂ ಇಬ್ಬರ ಬಳಿ ಒಂದೇ ಮೊತ್ತವಿದ್ದರೆ ಒಂದು ವ್ಯತ್ಯಾಸ ಸೊನ್ನೆ, ಇಡೀ ಗುಣಲಬ್ಧವೇ ಸೊನ್ನೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಇವೆರಡೂ ಹಿಡಿಯದೆ ಬಿಟ್ಟದ್ದು. ಸರಾಸರಿಯನ್ನು ತೆಗೆದರೆ ಉಳಿಯುವ ಏರುಪೇರು: ಮೈನಸ್ 20, ಮೈನಸ್ 10, ಪ್ಲಸ್ 30. ಇದೂ ಜರಡಿಯೇ, ಏಕೆಂದರೆ ಏರುಪೇರಿನ ಸರಾಸರಿ ಸೊನ್ನೆ, ಮತ್ತೆ ಕಳೆಯಲು ಏನೂ ಇಲ್ಲ.

ಅಂದರೆ ನಮ್ಮ ಬೆಂಚಿಗೆ ಮೂರು ದೊಡ್ಡ ಜರಡಿಗಳು ಸಿಕ್ಕವು. ಮೂರೂ ಎಲ್ಲ ಚಲನೆಗಳ ಜೊತೆ ಹೊಂದಿಕೊಂಡಿವೆ, ಮೊದಲು ಜರಡಿ ಹಿಡಿದು ಆಮೇಲೆ ಚಲಿಸಿದರೂ, ಚಲಿಸಿ ಆಮೇಲೆ ಜರಡಿ ಹಿಡಿದರೂ ಒಂದೇ. ಇವುಗಳ ಬಗ್ಗೆ ಯಾರಿಗೂ ತಕರಾರಿಲ್ಲ, ಯಾರು ಹುಡುಕಿದರೂ ಇವೇ ಮೂರು ಸಿಗುತ್ತವೆ. ಇನ್ನು ಮುಂದಿನದು ಈ ಇಡೀ ವಿಷಯದ ಜೀವಾಳ ಎಂದು ನಾನು ನಂಬಿದ್ದೇನೆ. ಸ್ವಲ್ಪ ನಿಂತು ನೋಡೋಣ.

ಮೂರನೇ ಜರಡಿಯನ್ನು ಇನ್ನೂ ಒಡೆಯಬಹುದು. ಮೈನಸ್ 20, ಮೈನಸ್ 10, 30 ಎಂಬ ಏರುಪೇರನ್ನು ತೆಗೆದುಕೊಳ್ಳಿ. ಒಂದು ಮತ್ತು ಎರಡನೇ ಆಸನಗಳನ್ನು ಸಮ ಮಾಡಿ. ಮೈನಸ್ 15, ಮೈನಸ್ 15, 30. ಇದು ಒಂದು ತುಂಡು. ಉಳಿದದ್ದು ಮೈನಸ್ 5, ಪ್ಲಸ್ 5, ಸೊನ್ನೆ. ಇದು ಇನ್ನೊಂದು. ಎರಡನ್ನೂ ಕೂಡಿದರೆ ಮೊದಲಿನ ಏರುಪೇರು ಮರಳಿ ಬರುತ್ತದೆ. ಎರಡು ಹೊಸ ಚಿಕ್ಕ ಜರಡಿಗಳಾದವು.

ಆದರೆ ಒಂದು ಮತ್ತು ಎರಡನ್ನೇ ಏಕೆ ಸಮ ಮಾಡಬೇಕು? ಎರಡು ಮತ್ತು ಮೂರನ್ನು ಸಮ ಮಾಡೋಣ. ಆಗ ಮೈನಸ್ 20, 10, 10 ಒಂದು ತುಂಡು. ಸೊನ್ನೆ, ಮೈನಸ್ 20, 20 ಇನ್ನೊಂದು. ಕೂಡಿದರೆ ಮತ್ತೆ ಅದೇ ಏರುಪೇರು. ಎರಡೂ ಬಗೆ ಸರಿಯೇ. ತುಂಡುಗಳು ಮಾತ್ರ ಬೇರೆ ಬೇರೆ. ಇನ್ನೂ ಬಗೆಬಗೆಯಾಗಿ ಒಡೆಯಬಹುದು, ಅವಕ್ಕೆ ಕೊನೆಯೇ ಇಲ್ಲ. ಇವುಗಳಲ್ಲಿ ಒಂದನ್ನು ಆರಿಸಿ ಇದೇ ಅಸಲಿ ಎನ್ನಲು ಬೀಜಗಣಿತ ನಮಗೆ ಯಾವ ಕಾರಣವನ್ನೂ ಕೊಡುವುದಿಲ್ಲ.

ಎರಡು ಜರಡಿಗಳಿದ್ದರೆ ಒಂದರ ಮೇಲೊಂದು ಹಿಡಿದು ಇನ್ನೂ ನಯವಾದದ್ದನ್ನು ಪಡೆಯಬಹುದಲ್ಲ, ಎಂದು ನಿಮಗೆ ಅನಿಸಬಹುದು. ಮಾಡಿ ನೋಡೋಣ. ಮೊದಲನೆಯದಾದ ಮೇಲೆ ನಮ್ಮಲ್ಲಿರುವುದು ಮೈನಸ್ 15, ಮೈನಸ್ 15, 30. ಈಗ ಎರಡು ಮತ್ತು ಮೂರನ್ನು ಸಮ ಮಾಡಿ. ಮೈನಸ್ 15, ಏಳೂವರೆ, ಏಳೂವರೆ. ಮತ್ತೆ ಒಂದು ಮತ್ತು ಎರಡನ್ನು ಸಮ ಮಾಡಿ. ಮೈನಸ್ ಮೂರೂ ಮುಕ್ಕಾಲು, ಮೈನಸ್ ಮೂರೂ ಮುಕ್ಕಾಲು, ಏಳೂವರೆ. ಗಮನಿಸಿದಿರಾ? ಮೈನಸ್ 15, ಮೈನಸ್ 15, 30 ಎಂಬುದು ಸರಿಯಾಗಿ ಕಾಲು ಭಾಗಕ್ಕೆ ಇಳಿಯಿತು. ಇನ್ನೊಂದು ಸುತ್ತು ಹಾಕಿದರೆ ಅದರ ಕಾಲು, ಮತ್ತೊಂದು ಸುತ್ತಿಗೆ ಅದರ ಕಾಲು. ಎಲ್ಲಿಯೂ ನೆಲೆ ನಿಲ್ಲದೆ ಸವೆಯುತ್ತಲೇ ಹೋಗುತ್ತದೆ. ಒಂದೊಂದೂ ಜರಡಿಯೇ ಹೌದು, ಆದರೆ ಎರಡನ್ನು ಜೋಡಿಸಿದರೆ ಜರಡಿಯಲ್ಲ.

ಕ್ರಮ ಮುಖ್ಯವಲ್ಲದ ಗ್ರೂಪ್‌ನಲ್ಲಿ ಇದು ಆಗುವುದೇ ಇಲ್ಲ. ಕಾರಣ ಸರಳ. ಜೋಡಿಯನ್ನು ಎರಡು ಸಲ ಹಿಡಿಯುವುದೆಂದರೆ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಹಿಂದುಮುಂದು ಮಾಡಲು ಅವಕಾಶವಿದ್ದರೆ ಮೊದಲನೆಯವೆರಡನ್ನು ಪಕ್ಕಪಕ್ಕ ತರಬಹುದು, ಎರಡನೆಯವೆರಡನ್ನೂ ಹಾಗೇ. ಎರಡು ಸಲ ಒಂದು ಸಲಕ್ಕೆ ಸಮ. ಹಾಗಾಗಿ ಜೋಡಿಯೂ ಜರಡಿಯಾಗುತ್ತದೆ, ಯಾವ ಎರಡು ಒಡೆತಗಳೂ ಕೊನೆಗೆ ಒಂದೇ ಅತಿ ನಯವಾದ ಒಡೆತದಲ್ಲಿ ಸೇರುತ್ತವೆ. ಬೆಂಚಿನಲ್ಲಿ ಅದಲುಬದಲನ್ನು ನಿಷೇಧಿಸಿ ಸರಿಯುವುದನ್ನು ಮಾತ್ರ ಉಳಿಸಿಕೊಳ್ಳಿ. ಆಗ ಏರುಪೇರಿನ ಜರಡಿಯನ್ನು ಭಿನ್ನರಾಶಿಗಳಿಂದ ಒಡೆಯಲು ಬರುವುದಿಲ್ಲ. ಮೈನಸ್ ಒಂದಕ್ಕೂ ವರ್ಗಮೂಲವಿರುವ ಸಂಮಿಶ್ರ ಸಂಖ್ಯೆಗಳನ್ನು ತಂದರೆ ಒಡೆಯುತ್ತದೆ, ಒಡೆಯುವ ದಾರಿ ಒಂದೇ. ಅದಲುಬದಲಿಗೆ ಮತ್ತೆ ಅವಕಾಶ ಕೊಟ್ಟ ಕ್ಷಣ ಸಾದಾ ಭಿನ್ನರಾಶಿಗಳಿಂದಲೇ ಒಡೆಯುತ್ತದೆ, ಆದರೆ ಲೆಕ್ಕವಿಲ್ಲದಷ್ಟು ದಾರಿಗಳಲ್ಲಿ. ನನ್ನ ಮಟ್ಟಿಗೆ ಬೀಜಗಣಿತದ ಅತ್ಯಂತ ಸುಂದರ ಸಂಗತಿಗಳಲ್ಲಿ ಇದು ಒಂದು.

ಇದುವರೆಗಿನದನ್ನು ಮತ್ತೊಮ್ಮೆ ಹೇಳುತ್ತೇನೆ. ದೊಡ್ಡ ಜರಡಿ ಮೂರು, ಅವು ಅಚಲ. ಮೂರನೆಯದನ್ನು ಎರಡಾಗಿ ಒಡೆಯಬಹುದು, ಆದರೆ ಹೇಗೆ ಒಡೆಯಬೇಕೆಂಬುದು ನಮ್ಮ ಆಯ್ಕೆ. ಹಾಗಾದರೆ ಎಲ್ಲ ಆಯ್ಕೆಗಳಲ್ಲೂ ಬದಲಾಗದೆ ಉಳಿಯುವುದು ಏನು?

ಉಳಿಯುವುದು ಗಾತ್ರ. ಅದನ್ನು ಅಳೆಯಲು ಒಂದು ಚೊಕ್ಕ ಉಪಾಯವಿದೆ. ಜರಡಿಯ ಬೆರಕೆಯಲ್ಲಿ ಸುಮ್ಮನಿರುವುದರ ಪಾಲು ಎಷ್ಟು ಎಂದು ನೋಡಿ, ಅದನ್ನು ಆರರಿಂದ ಗುಣಿಸಿ. ಮೊದಲ ಜರಡಿಯಲ್ಲಿ ಆ ಪಾಲು ಆರನೇ ಒಂದು, ಗಾತ್ರ 1. ಎರಡನೆಯದಕ್ಕೂ 1. ಮೂರನೆಯದರಲ್ಲಿ ಪಾಲು ಮೂರನೇ ಎರಡು, ಗಾತ್ರ 4. ಒಟ್ಟು 6. ಇನ್ನು ಚಿಕ್ಕ ಜರಡಿ: ಅರ್ಧ ಸುಮ್ಮನಿರುವುದು, ಅರ್ಧ ಅದಲುಬದಲು, ಅದರಿಂದ ಸರಾಸರಿಯ ಜರಡಿಯನ್ನು ಕಳೆದದ್ದು. ಅರ್ಧದಿಂದ ಆರನೇ ಒಂದನ್ನು ಕಳೆದರೆ ಮೂರನೇ ಒಂದು, ಗಾತ್ರ 2. ಯಾವ ಇಬ್ಬರನ್ನು ಸಮ ಮಾಡಿದರೂ ಈ 2 ಬದಲಾಗದು. ನಾಲ್ಕರ ಗಾತ್ರ ಎರಡೆರಡಾಗಿಯೇ ಒಡೆಯುತ್ತದೆ.

ಇದರ ಸುಳಿವು ಮೊದಲು ಸಿಕ್ಕಿದ್ದು ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ರಿಚರ್ಡ್ ಡೆಡೆಕಿಂಡ್ ಅವರಿಗೆ. ಗ್ರೂಪ್‌ನಿಂದ ಒಂದು ದೊಡ್ಡ ಬಹುಪದವನ್ನು ಕಟ್ಟಿ ಅವರು ಅಪವರ್ತಿಸುತ್ತಿದ್ದರು. ಕ್ರಮ ಮುಖ್ಯವಲ್ಲದಿದ್ದರೆ, ಸಂಮಿಶ್ರ ಸಂಖ್ಯೆಗಳನ್ನು ಬಳಸಿದಾಗ, ಎಲ್ಲ ಅಪವರ್ತನಗಳೂ ಮೊದಲ ಘಾತದವು. ಆರು ಚಲನೆಗಳ ಈ ಗ್ರೂಪ್‌ಗೆ ಮಾತ್ರ ಮೊದಲ ಘಾತದವು ಎರಡು, ಜೊತೆಗೆ ಒಡೆಯಲಾಗದ ಎರಡನೇ ಘಾತದ್ದೊಂದು, ಅದೂ ಎರಡು ಸಲ. ಒಂದು, ಒಂದು, ಎರಡೆರಡ್ಲ ನಾಲ್ಕು. ನಮ್ಮ ಜರಡಿಗಳ ಗಾತ್ರಗಳೇ. 1896ರಲ್ಲಿ ಡೆಡೆಕಿಂಡ್ ಇದನ್ನು ಬರ್ಲಿನ್‌ನ ಫ್ರೊಬೇನಿಯಸ್ ಅವರಿಗೆ ಪತ್ರದಲ್ಲಿ ಬರೆದರು. ಫ್ರೊಬೇನಿಯಸ್ ಆ ಪ್ರಶ್ನೆಯ ಬೆನ್ನು ಹತ್ತಿ ಅದೇ ವರ್ಷ ಒಂದು ಹೊಸ ಶಾಸ್ತ್ರವನ್ನೇ ಕಟ್ಟಿ ನಿಲ್ಲಿಸಿದರು. ಒಬ್ಬರು ಪ್ರಶ್ನೆಯನ್ನು ಹಿಡಿದಿಟ್ಟುಕೊಳ್ಳದೆ ಇನ್ನೊಬ್ಬರಿಗೆ ದಾಟಿಸಿದ್ದರಿಂದ ಆದ ಲಾಭ ಇದು.

ಆಯ್ಕೆ ನಮ್ಮದು ಎಂದೆ. ಹಾಗಾದರೆ ಒಳ್ಳೆಯ ಆಯ್ಕೆ ಯಾವುದು? ಮೂವರ ಬದಲು ನಾಲ್ವರು, ಹತ್ತು ಮಂದಿ ಬೆಂಚಿನಲ್ಲಿದ್ದರೆ ಜರಡಿಗಳನ್ನು ಹೇಗೆ ಬರೆಯುವುದು? ಇದಕ್ಕೆ ದಾರಿ ತೋರಿದವರು ಇಂಗ್ಲೆಂಡಿನ ಆಲ್ಫ್ರೆಡ್ ಯಂಗ್. ಅವರ ಮೊದಲ ಲೇಖನ ಇಪ್ಪತ್ತನೇ ಶತಮಾನದ ಆರಂಭದ್ದು. 1910ರಿಂದ ಅವರು ಎಸೆಕ್ಸ್ ಸೀಮೆಯ ಬರ್ಡ್‌ಬ್ರುಕ್ ಎಂಬ ಹಳ್ಳಿಯಲ್ಲಿ ಪಾದ್ರಿ. 1940ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ. ಅವರ ಲೇಖನಮಾಲೆಯ ಎರಡನೇ ಮತ್ತು ಮೂರನೇ ಕಂತುಗಳ ನಡುವೆ ಸುಮಾರು ಕಾಲು ಶತಮಾನದ ಅಂತರ. ಅಷ್ಟು ಕಾಲ ಒಂದೇ ಪ್ರಶ್ನೆಯನ್ನು ಕೈಬಿಡದೆ ಇದ್ದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಯಂಗ್ ಅವರ ವಿಧಾನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನ ಸಾಲಿನಲ್ಲಿ ಎರಡು ಚೌಕ, ಅವುಗಳಲ್ಲಿ ಒಂದು ಮತ್ತು ಎರಡು ಎಂದು ಬರೆದಿದೆ. ಎಡ ಚೌಕದ ಕೆಳಗೆ ಇನ್ನೊಂದು ಚೌಕ, ಅದರಲ್ಲಿ ಮೂರು. ಅಡ್ಡಸಾಲಿನಲ್ಲಿರುವವರನ್ನು ಕೂಡು ಚಿಹ್ನೆಯಿಂದ ಬೆರೆಸಿ, ಕಂಬಸಾಲಿನಲ್ಲಿರುವವರನ್ನು ಕಳೆ ಚಿಹ್ನೆಯಿಂದ ಬೆರೆಸಿ, ಎರಡನ್ನೂ ಗುಣಿಸಿ, ಮೂರರಿಂದ ಭಾಗಿಸಿ. ನಾಲ್ಕೇ ಪದಗಳ ಒಂದು ಜರಡಿ ಸಿಗುತ್ತದೆ. ಸುಮ್ಮನಿರುವುದರ ಪಾಲು ಮೂರನೇ ಒಂದು, ಗಾತ್ರ 2. ಎಷ್ಟು ಮಂದಿಯಿದ್ದರೂ ಇದೇ ವಿಧಾನ. ಚೌಕಗಳ ಆಕಾರ ಬದಲಾದಂತೆ ದೊಡ್ಡ ಜರಡಿ ಬದಲಾಗುತ್ತದೆ. ಅದೇ ಆಕಾರದೊಳಗೆ ಅಂಕಿಗಳನ್ನು ಬೇರೆ ರೀತಿ ತುಂಬಿದರೆ ಚಿಕ್ಕ ಜರಡಿ ಬದಲಾಗುತ್ತದೆ. ಅಚಲವಾದದ್ದು ಆಕಾರದಲ್ಲಿ, ಆಯ್ಕೆ ತುಂಬುವುದರಲ್ಲಿ.

ಇದೆಲ್ಲ ಕಾಗದದ ಮೇಲಿನ ಆಟವಲ್ಲ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯೊಂದನ್ನು ಕೊಟ್ಟರು. ಒಂದರಿಂದೊಂದನ್ನು ಬೇರೆಯಾಗಿ ಗುರುತಿಸಲಾಗದ ಕಣಗಳು ಅವು. ಅವನ್ನು ಅದಲುಬದಲು ಮಾಡಿದರೆ ಏನೂ ಬದಲಾಗದು. ನಮ್ಮ ಮಾತಿನಲ್ಲಿ, ಅವು ಮೊದಲ ಜರಡಿಯಲ್ಲಿ ನಿಲ್ಲುವ ಕಣಗಳು. ಎಲೆಕ್ಟ್ರಾನ್‌ಗಳು ಎರಡನೇ ಜರಡಿಯವು, ಅದಲುಬದಲಿಗೆ ಚಿಹ್ನೆ ತಿರುಗುತ್ತದೆ. ಇಬ್ಬರ ಬಳಿ ಒಂದೇ ಮೊತ್ತವಿದ್ದರೆ ಗುಣಲಬ್ಧ ಸೊನ್ನೆ ಎಂದು ನೆನಪಿಡಲು ಹೇಳಿದ್ದೆ. ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎಂದು 1925ರಲ್ಲಿ ಪೌಲಿ ಹೇಳಿದ ನಿಯಮ ಅದೇ. ಮೂರನೇ ಜರಡಿ ಕಾಣಿಸುವುದು ಎಲೆಕ್ಟ್ರಾನ್‌ಗಳ ಸ್ಥಾನವನ್ನೂ ಸ್ಪಿನ್ ಗುಣವನ್ನೂ ಬೇರ್ಪಡಿಸಿ ಬರೆದಾಗ. ಯಂಗ್ ಅವರ ಚೌಕಗಳು ಭೌತವಿಜ್ಞಾನಕ್ಕೆ ಬಂದದ್ದು ಹೀಗೆ.

ಇನ್ನು ಕೊನೆಯ ಭಾಗ. ಅದಕ್ಕೆ ಮೊದಲು ಒಂದು ಎಚ್ಚರಿಕೆ. ನಾವು ಆರರಿಂದ ಭಾಗಿಸುತ್ತಲೇ ಬಂದೆವು. ಭಾಗಾಕಾರ ಸಾಧ್ಯವಿರುವ ಕಡೆ ಗ್ರೂಪ್ ಬೀಜಗಣಿತ ಪೂರ್ತಿ ಒಡೆಯುತ್ತದೆ, ಇದು ಮಾಶ್ಕೆ ಅವರ ಪ್ರಮೇಯ. ಒಂದಕ್ಕೆ ಒಂದು ಕೂಡಿಸಿದರೆ ಸೊನ್ನೆಯಾಗುವ, ಎರಡೇ ಅಂಕಿಗಳ ಲೆಕ್ಕದಲ್ಲಿ ಆರರಿಂದ ಭಾಗಿಸಲು ಬರುವುದಿಲ್ಲ. ಅಲ್ಲಿ ಮೊದಲ ಎರಡು ಜರಡಿಗಳು ಬೇರೆಯಾಗದೆ ಅಂಟಿಕೊಂಡೇ ಇರುತ್ತವೆ. ಮೂರನೆಯದು ಮಾತ್ರ ಬದುಕುತ್ತದೆ, ಬಲಕ್ಕೆ ಸರಿಯುವುದು ಕೂಡು ಎಡಕ್ಕೆ ಸರಿಯುವುದು ಎಂಬ ಸರಳ ರೂಪದಲ್ಲಿ.

ಈವರೆಗೆ ಚಲನೆಗಳ ಸಂಖ್ಯೆಗೆ ಮಿತಿ ಇತ್ತು. ಮಿತಿಯೇ ಇಲ್ಲದ ಗ್ರೂಪ್‌ಗಳಲ್ಲಿ ಜರಡಿಗಳು ಹೇಗಿರುತ್ತವೆ? ಒಂದು ಚಲನೆಯನ್ನು ಮತ್ತೆ ಮತ್ತೆ ಮಾಡಿ ಮೊದಲಿನ ಜಾಗಕ್ಕೆ ಬಂದರೆ, ಆ ಸುತ್ತಿನ ಸರಾಸರಿ ತೆಗೆದರೆ ಸಾಕು, ಜರಡಿ ಸಿಕ್ಕಿತು. ಯಾವ ಚಲನೆಯೂ ಎಂದೂ ಮರಳದಿದ್ದರೆ? ಅಂಥ ಕಡೆ ಸೊನ್ನೆ ಮತ್ತು ಒಂದು ಬಿಟ್ಟರೆ ಬೇರೆ ಜರಡಿಯೇ ಇರಲಾರದು ಎಂಬುದು ಷಿಕಾಗೋದಲ್ಲಿದ್ದ ಅರ್ವಿಂಗ್ ಕಾಪ್ಲಾನ್ಸ್ಕಿ ಅವರ ಹೆಸರಿನ ಊಹೆ. ಸಂಮಿಶ್ರ ಸಂಖ್ಯೆಗಳ ಮೇಲೆ, ಜರಡಿಯಲ್ಲಿ ಸುಮ್ಮನಿರುವುದರ ಪಾಲು ಸದಾ ಸೊನ್ನೆಗೂ ಒಂದಕ್ಕೂ ನಡುವೆಯೇ ಇರುತ್ತದೆ ಎಂದು ಅವರು ಸಾಧಿಸಿದರು. ಅದು ಭಿನ್ನರಾಶಿಯೇ ಆಗಿರಬೇಕೆಂದು 1972ರಲ್ಲಿ ಜಲೆಸ್ಕಿ ತೋರಿಸಿದರು. ಬೆಂಚಿನ ಮೇಲೆ ನಾವು ಕಂಡ ಆರನೇ ಒಂದು, ಮೂರನೇ ಒಂದುಗಳ ದೂರದ ಬಂಧುಗಳಿವು.

ಯಾವ ಚಲನೆಯೂ ಮರಳದ ಗ್ರೂಪ್‌ಗೆ ಒಂದು ಉದಾಹರಣೆ ಜಡೆಯ ಗ್ರೂಪ್. ಮೂರು ಎಳೆಗಳು. ಎಡದ ಎಳೆಯನ್ನು ನಡುವಿನದರ ಮೇಲಿಂದ ದಾಟಿಸುವುದು ಒಂದು ಚಲನೆ. ಬೆಂಚಿನ ಅದಲುಬದಲನ್ನು ಎರಡು ಸಲ ಮಾಡಿದರೆ ಮೊದಲಿನಂತಾಗುತ್ತದೆ, ಜಡೆಯಲ್ಲಿ ಎರಡು ಸಲ ಮಾಡಿದರೆ ಹೆಣಿಗೆ ಬಿಗಿಯುತ್ತದೆ. ಎಷ್ಟು ಸಲ ಮಾಡಿದರೂ ಬಿಚ್ಚುವುದಿಲ್ಲ. ಇಲ್ಲಿಯೂ ಕ್ರಮ ಮುಖ್ಯ. 1990ರ ದಶಕದಲ್ಲಿ ಫ್ರಾನ್ಸಿನ ಪ್ಯಾಟ್ರಿಕ್ ದೆಹೊರ್ನುವಾ ಎಲ್ಲ ಜಡೆಗಳನ್ನೂ ಹಿರಿದು ಕಿರಿದು ಎಂದು ಸಾಲಾಗಿ ನಿಲ್ಲಿಸಬಹುದೆಂದು ತೋರಿಸಿದರು. ಎಡಗಡೆಯಿಂದ ಯಾವ ಜಡೆಯಿಂದ ಗುಣಿಸಿದರೂ ಆ ಸಾಲು ಕೆಡದು. ಇದರಿಂದ ಸೊನ್ನೆಯಲ್ಲದ ಎರಡು ಬೆರಕೆಗಳನ್ನು ಗುಣಿಸಿದರೆ ಸೊನ್ನೆ ಬರುವುದಿಲ್ಲ ಎಂದು ಸಿದ್ಧವಾಗುತ್ತದೆ. ಆದರೆ ಜರಡಿಯನ್ನು ಅದು ಬಿಟ್ಟದ್ದರಿಂದ ಗುಣಿಸಿದರೆ ಯಾವಾಗಲೂ ಸೊನ್ನೆ. ಹಾಗಾಗಿ ಜಡೆಗಳ ಬೀಜಗಣಿತದಲ್ಲಿ ಹೊಸ ಜರಡಿಗೆ ಜಾಗವಿಲ್ಲ.

ಕಾಪ್ಲಾನ್ಸ್ಕಿ ಹೆಸರಿನ ಊಹೆಗೆ ನೆಂಟಸ್ತಿಕೆಯ ಇನ್ನೊಂದು ಊಹೆ, ಯಾವ ಬೆರಕೆಗಳಿಗೆ ವಿಲೋಮ ಇರುತ್ತದೆ ಎಂಬುದರ ಬಗ್ಗೆ ಇದ್ದದ್ದು, 2021ರಲ್ಲಿ ಬಿದ್ದುಹೋಯಿತು. ಜರ್ಮನಿಯ ಮುನ್‌ಸ್ಟರ್‌ನಲ್ಲಿದ್ದ ಜೈಲ್ಸ್ ಗಾರ್ಡಮ್, ಎರಡೇ ಅಂಕಿಗಳ ಲೆಕ್ಕದಲ್ಲಿ, 21 ಪದಗಳ ಒಂದು ಬೆರಕೆಯನ್ನು ಕಂಪ್ಯೂಟರ್ ಸಹಾಯದಿಂದ ಹುಡುಕಿ ಮುಂದಿಟ್ಟರು. ಅದು ಸಿಕ್ಕ ಗ್ರೂಪ್‌ನಲ್ಲೂ ಕ್ರಮ ಮುಖ್ಯ, ಯಾವ ಚಲನೆಯೂ ಮರಳದು. ಆದರೂ ಅದರಲ್ಲಿ ಹೊಸ ಜರಡಿ ಇಲ್ಲ ಎಂಬುದು ಮೊದಲೇ ಗೊತ್ತಿತ್ತು. ಜರಡಿಗಳ ಊಹೆ ಅನೇಕ ಬಗೆಯ ಗ್ರೂಪ್‌ಗಳಿಗೆ ಸಾಧಿತವಾಗಿದೆ. ಎಲ್ಲ ಗ್ರೂಪ್‌ಗಳಿಗೂ ಸಲ್ಲುವ ಸಾಧನೆಯನ್ನಾಗಲಿ, ಅದನ್ನು ಮುರಿಯುವ ಒಂದೇ ಒಂದು ಉದಾಹರಣೆಯನ್ನಾಗಲಿ ಈವರೆಗೆ ಯಾರೂ ಕೊಟ್ಟಿಲ್ಲ.